ಗಾಂಧಿ ಜಯಂತಿಯ ಅಮಾವಾಸ್ಯೆ

ಮಕ್ಕಳೇ,

ಆವತ್ತು ನೀವು ನನ್ನ ಪಾಲಿನ ಪಾಯಸ ಎತ್ತಿಟ್ಟುಕೊಂಡು ಕಾದಿರಿ, ನಾನು ಬರಲಿಲ್ಲ. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಕೇಳಿದಿರಿ. "ಕೆಲಸ ಇತ್ತು ಕಣ್ರೋ" ಎಂದು ಹೇಳಿ ಇಟ್ಟುಬಿಡುತ್ತಿದ್ದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರು ಕೂತರೆ ಅದಕ್ಕಿಂತಲೂ ಕಡಿಮೆ. ಗೋವಿನಕೋವಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದರಲ್ಲೇ ಹೇಳುತ್ತೇನೆ. ಕೆಲಸ ಇತ್ತು ಎಂದದ್ದು ಸುಳ್ಳಲ್ಲ. ಆ ಕೆಲಸ ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು ಎಂಬುದಷ್ಟನ್ನು ಬರೆಯುತ್ತೇನೆ.

ನಿಮ್ಮ ಮನೆಯಲ್ಲಿ ಹಿರಿಯರ ಹಬ್ಬ ಇಲ್ಲ, ಅದಕ್ಕೆ ಬಿಡಿಸಿ ಹೇಳಬೇಕು. ದಸರೆಗೆ ಮುಂಚಿನ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆ ಇಡುತ್ತೇವೆ. ಗೋಡೆಗೆ ಫೋಟೋ, ಕೆಳಗೆ ಹೊಸ ಬಟ್ಟೆ, ಅದರ ಮುಂದೆ ಬಾಳೆ ಎಲೆ. ಎಲೆಯ ಮೇಲೆ ಅವರು ಇದ್ದಾಗ ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದರೋ ಅದೆಲ್ಲ ಇರಬೇಕು. ಬಾಡೂಟದ ಮನೆಗಳಲ್ಲಿ ಬಾಡು ಇರಲೇಬೇಕು. ಎಡೆ ಇಟ್ಟು, ಊದುಬತ್ತಿ ಹಚ್ಚಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಒಳಗೆ ಹಿರಿಯರು ಉಣ್ಣುವ ತನಕ ಬೀದಿಯಲ್ಲಿ ಮಾತಾಡದೆ ನಿಲ್ಲುತ್ತಾರೆ. ಆಮೇಲೆ ಬಾಗಿಲು ಬಡಿದು, ಕೆಮ್ಮಿ, ಒಳಗೆ ಹೋಗಿ ತಾವು ಉಣ್ಣುತ್ತಾರೆ.

ನಿಮ್ಮ ತಾತ ಹೋದ ಮೇಲೆ ನ್ಯಾಮತಿಯಲ್ಲಿ ನಾನು ಹಿಡಿದ ಕೆಲಸ ಈ ಎಡೆ ಅಡುಗೆ. ನಮ್ಮ ಕೇರಿಗಳಿಂದಲೇ ಓದಿ ಮುಂದೆ ಬಂದು ನೌಕರಿ ಹಿಡಿದ ಮನೆಗಳಿವೆ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು. ಅವರಿಗೆ ಹಬ್ಬ ಬೇಕು, ಮಾಡುವ ಬಗೆ ಗೊತ್ತಿಲ್ಲ. ಮುಂಚೆಯೇ ಬಂದು ಹೇಳಿ ಹೋಗುತ್ತಾರೆ. ನಾನು ಕೇಳುವುದು ಒಂದೇ ಮಾತು: "ಅವರಿಗೆ ಏನು ಸೇರ್ತಿತ್ತು?" ಒಬ್ಬರ ಅಪ್ಪನಿಗೆ ತಲೆಮಾಂಸದ ಸಾರು, ಒಬ್ಬರ ಅಜ್ಜಿಗೆ ಕರಿಗಡುಬು ಮತ್ತು ಎಲೆ ಅಡಿಕೆಯ ಜೊತೆ ಕಡ್ಡಿಪುಡಿ.

ಈ ಅಡುಗೆಯಲ್ಲಿ ಕಷ್ಟ ಯಾವುದೆಂದರೆ ರುಚಿ ನೋಡುವಂತಿಲ್ಲ. ಸತ್ತವರಿಗಿಂತ ಮೊದಲು ಬದುಕಿದವರ ನಾಲಿಗೆ ತಗಲಬಾರದು. ತಲೆಗೆ ನೀರು ಹಾಕಿಕೊಂಡು, ಹಸಿದ ಹೊಟ್ಟೆಯಲ್ಲೇ ಒಲೆ ಹಚ್ಚಬೇಕು. ಉಪ್ಪನ್ನು ಅಂಗೈಯ ಗುಳಿಯಲ್ಲಿ ಅಳೆಯುತ್ತೇನೆ. ಖಾರ ಹೆಚ್ಚಾಗಿದೆಯೋ ಎಂದು ಆವಿಗೆ ಮುಖ ಒಡ್ಡಿ ನೋಡುತ್ತೇನೆ. ಕಣ್ಣು ಉರಿದರೆ ಇನ್ನೊಂದು ಹಿಡಿ ಕೊಬ್ಬರಿ ಅರೆದು ಹಾಕಬೇಕು. ಮಾಂಸ ಬೆಂದಿತೋ ಎಂಬುದನ್ನು ಸೌಟಿನ ತುದಿಗೆ ಸಿಗುವ ಮೂಳೆಯ ಸದ್ದಿನಿಂದ ತಿಳಿಯಬೇಕು.

ಇನ್ನೊಂದು ಕಟ್ಟು ಇದೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅಂಗಡಿಯಿಂದ ತಂದ ಮಾಂಸಕ್ಕೆ, ಹತ್ತು ಮನೆಗೆ ಪಾಲಾಗುವ ಕುರಿಗೆ ಹೆಸರಿಲ್ಲ, ಅದನ್ನು ಎಷ್ಟು ಮನೆಗಾದರೂ ಹಂಚಿ ಬೇಯಿಸಬಹುದು. ಮನೆಯಲ್ಲೇ ಕುಯ್ಯುವ ಜೀವ ಹಾಗಲ್ಲ. ಅದರ ತಲೆಗೆ ನೀರು ಹಾಕಿ, ಯಾರ ಎಡೆಗೋ ಅವರ ಹೆಸರು ಹೇಳಬೇಕು. ಹೆಸರು ಹೇಳಿದ ಮೇಲೆ ಅದು ಅವರದೇ. ಬೇರೆಯವರ ಎಲೆಗೆ ಅದರ ಒಂದು ಚೂರೂ ಬೀಳಬಾರದು.

ಆ ವರ್ಷ ಅಮಾವಾಸ್ಯೆ ಅಕ್ಟೋಬರ್ ಎರಡಕ್ಕೇ ಬಂತು. ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಆ ಚೌಕವೊಂದೇ ತುಂಬಿ ಹೋಗಿತ್ತು. ಕೆಂಪು ಅಂಕೆ, ಗಾಂಧಿ ಜಯಂತಿ, ಮಹಾಲಯ ಅಮಾವಾಸ್ಯೆ, ಮೂಲೆಯಲ್ಲಿ ಕಪ್ಪು ಚಂದ್ರ. ಎಲ್ಲಕ್ಕಿಂತ ಕೆಳಗೆ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಗೆ ಶಾಸ್ತ್ರಿ ಜಯಂತಿ. ನಾನು ಶಾಲೆಗೆ ಹೋಗುವಾಗಲೂ ಹಾಗೇ ಇತ್ತು. ಗಾಂಧಿಯ ಫೋಟೋಕ್ಕೆ ದೊಡ್ಡ ಹಾರ, ಶಾಸ್ತ್ರಿಯವರಿಗೆ ಅದರಲ್ಲಿ ಉಳಿದ ಹೂವು. ಇಬ್ಬರೂ ಹುಟ್ಟಿದ್ದು ಒಂದೇ ತಾರೀಕು, ದಿನಕ್ಕೆ ಇರುವುದು ಅಷ್ಟೇ ಜಾಗ. ಆ ಚೌಕದಲ್ಲಿ ಅಚ್ಚಾಗದ ಇನ್ನೊಂದು ಇತ್ತು. ಹಿಂದಿನ ವರ್ಷ ಅದೇ ತಾರೀಕಿಗೆ ನಿಮ್ಮವ್ವ, ನನ್ನ ಮಗಳು, ಜ್ವರದಲ್ಲಿ ಹೋದಳು.

ವರ್ಷ ತುಂಬಿದ ಮೇಲೆ ಸತ್ತವರು ಹಿರಿಯರ ಸಾಲಿಗೆ ಸೇರುತ್ತಾರೆ. ಅವಳಿಗೆ ಅದು ಮೊದಲ ಎಡೆ. ಆದರೆ ಕೊಟ್ಟ ಹೆಣ್ಣಿನ ಎಡೆ ಗಂಡನ ಮನೆಯದು, ತವರಿನಲ್ಲಿ ಇಡುವ ಪದ್ಧತಿ ಇಲ್ಲ. ನಿಮ್ಮ ಮನೆಯವರು ದೀಕ್ಷೆ ತೆಗೆದುಕೊಂಡು ಬುದ್ಧನನ್ನು ನಂಬಿದವರು, ಎಡೆ ಬಿಟ್ಟವರು. ನಿಮ್ಮವ್ವನೂ ಮನಸ್ಸಿಟ್ಟೇ ತೆಗೆದುಕೊಂಡಿದ್ದಳು. ನಾನು ಎಡೆ ಅಡುಗೆಗೆ ಮಸಾಲೆ ಅರೆಯುವಾಗ ಪಕ್ಕದಲ್ಲಿ ಕೂತು ನಗುತ್ತಿದ್ದಳು: "ಸತ್ತೋರಿಗೆ ಬಡ್ಸಾಕೆ ಇಷ್ಟು ಒದ್ದಾಡ್ತೀಯಲ್ಲವ್ವ, ಇದ್ದೋಳಿಗೆ ಇನ್ನೊಂದು ತುಂಡು ಹಾಕು." ಹಾಕುತ್ತಿದ್ದೆ. ಉಣ್ಣಲು ಕೂತರೆ ಮೇಲೇಳುವ ಹೊತ್ತು ಅವಳಿಗೆ ಗೊತ್ತಿರಲಿಲ್ಲ. ಮೂಳೆಯನ್ನು ಅಷ್ಟು ನಿಧಾನವಾಗಿ ಚೀಪುವಳು.

ನಿಮ್ಮಪ್ಪ ಫೋನು ಮಾಡಿದ. "ಅತ್ತೆ, ಎರಡನೇ ತಾರೀಕು ಜಗಳೂರಿಗೆ ಬಂದುಬಿಡ್ರಿ. ಸಂಜೆ ಅವಳ ನೆನಪಿಗೆ ಬುದ್ಧವಂದನೆ ಇಟ್ಕಂಡೀವಿ. ಕೇರಿಗೆಲ್ಲ ಪಾಯಸ. ನೀವೇ ಮಾಡ್ಬೇಕು ಅಂತ ಹುಡುಗ್ರು ಹಟ ಹಿಡಿದಾವೆ."

"ಬರ್ತೀನಪ್ಪ" ಎಂದೆ. ಮನಸ್ಸಿನಲ್ಲಿ ಬೇರೆ ಲೆಕ್ಕವೂ ಇತ್ತು. ಬೆಳಿಗ್ಗೆಯೇ ಎದ್ದು ಮೂರು ಮನೆಯ ಎಡೆ ಅಡುಗೆ ಮುಗಿಸುವುದು. ಮಧ್ಯಾಹ್ನ ಯಾರಿಗೂ ಹೇಳದೆ ಅವಳಿಗೊಂದು ಎಲೆ ಹಾಕುವುದು. ಆಮೇಲೆ ಹೊನ್ನಾಳಿ, ದಾವಣಗೆರೆ ಹಾದು ಸಂಜೆಗೆ ಜಗಳೂರು. ಅವಳ ಎಲೆಗೆಂದು ಕೋಳಿಯೊಂದು ಹಿತ್ತಲಲ್ಲಿತ್ತು. ಅವಳೇ ಹಿಂದೆ ಬಸ್ಸಿನಲ್ಲಿ ಬುಟ್ಟಿಯಲ್ಲಿಟ್ಟು ತಂದುಕೊಟ್ಟ ಮರಿ, ಕಪ್ಪು ಕತ್ತಿನ ಕೆಂಪು ಹ್ಯಾಟೆಕೋಳಿಯಾಗಿ ಬೆಳೆದಿತ್ತು.

ಹಬ್ಬದ ಹಿಂದಿನ ಮಧ್ಯಾಹ್ನ ಪಟ್ಟಣ ಪಂಚಾಯ್ತಿಯ ಆಟೋ ಮೈಕು ಹಾಕಿಕೊಂಡು ಬೀದಿ ತಿರುಗಿತು. ನಾಳೆ ಗಾಂಧಿ ಜಯಂತಿ, ಮಾಂಸದ ಅಂಗಡಿಗಳು ಬಂದ್, ತೆರೆದರೆ ದಂಡ. ಇದು ಪ್ರತಿ ವರ್ಷದ ಮಾತು. ಅಮಾವಾಸ್ಯೆ ಬೇರೆ ದಿನ ಬರುತ್ತಿದ್ದುದರಿಂದ ನಾವು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಸೌಟು ಹಿಡಿದವಳೇ ಮಟನ್ ಅಂಗಡಿಗೆ ಓಡಿದೆ. ಅಂಗಡಿಯ ಭಾಯಿ ಮರದ ದಿಮ್ಮಿ ತೊಳೆದು ಓರೆಯಾಗಿ ಇಡುತ್ತಿದ್ದ.

"ಇವತ್ತೇ ತಗಂಡುಬಿಡ್ರಿ ಅಕ್ಕಾ, ಬೆಳಿಗ್ಗಿ ತನಕ ಫ್ರಿಜ್ಜಿನಾಗೆ ಇಟ್ಟಿರ್ತೀನಿ."

"ತಂಗಳು ಮಾಂಸ ಎಡೆಗೆ ಬರಲ್ಲ ಭಾಯಿ."

"ಹಿರೇರಿಗೆ ಗೊತ್ತಾಗ್ತೈತಾ?"

"ಅಡಿಗೆ ಮಾಡೋಳಿಗೆ ಗೊತ್ತಿರ್ತೈತಲ್ಲ."

ಅವನು ನಕ್ಕ. "ಹಂಗಾರೆ ಹಳ್ಳಿ ನೋಡ್ಕಳ್ರಿ. ಕೋಳಿ ಕುಯ್ಯೋದಿದ್ರೆ ಕರೀರಿ, ಮನಿಗೇ ಬರ್ತೀನಿ. ಅಂಗಡಿ ಬಂದ್ ಅಂದಾರೆ, ಕೈ ಬಂದ್ ಅಂದಿಲ್ಲ."

ಅಲ್ಲಿಯೇ ನಿಂತಿದ್ದ ಬಸ್ಸಿನ ಕಂಡಕ್ಟರ್ ನನ್ನ ಮೂರು ಮನೆಗಳಲ್ಲಿ ಒಂದರವನು. ಅವನಿಗೆ ಬೇರೆ ಚಿಂತೆ. "ನಾಳೆ ಬ್ರಾಂಡಿ ಅಂಗಡೀನೂ ಬಂದ್. ನಮ್ಮಪ್ಪಗೆ ಎಡಿಗೆ ಕ್ವಾರ್ಟರ್ ಇಡ್ದಿದ್ರೆ ಮನಿಗೇ ಬರಲ್ಲ ಕಣಕ್ಕ. ಸತ್ತೋನಿಗೂ ಕಾನೂನು ಹಾಕಿದ್ರೆ ಹೆಂಗೆ?" ಅವನು ಆವತ್ತೇ ತಂದಿಟ್ಟುಕೊಂಡ. ಬ್ರಾಂಡಿ ತಂಗಳಾಗುವುದಿಲ್ಲ.

ಹಳ್ಳಿಗಳಲ್ಲಿ ಹತ್ತಾರು ಮನೆಯವರು ಸೇರಿ ಕುರಿ ಕುಯ್ದು, ಮಾಂಸವನ್ನು ಎಲೆಗಳ ಮೇಲೆ ಗುಡ್ಡೆ ಹಾಕಿ ಪಾಲು ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಮೊದಲ ಬಸ್ಸಿಗೆ ಗೋವಿನಕೋವಿಗೆ ಹೋದೆ. ನನ್ನ ತಮ್ಮನ ಮನೆ ಅಲ್ಲಿದೆ. ಶಾಲೆಯ ಮಕ್ಕಳು ಗಾಂಧಿಯ ಫೋಟೋ ಹಿಡಿದು ಜೈಕಾರ ಹಾಕುತ್ತ ಬೀದಿಯಲ್ಲಿ ಬರುತ್ತಿದ್ದರು. ತಮ್ಮನ ಹಿತ್ತಲಲ್ಲಿ ಕುರಿಯ ತೊಗಲು ಸುಲಿಯುತ್ತಿದ್ದರು. ಮೆರವಣಿಗೆ ಹತ್ತಿರ ಬಂದಾಗ ಯಾರೋ "ಗೋಣಿಚೀಲ ಮುಚ್ರೋ, ತಾತ ಬಂದ" ಎಂದರು. ಮುಚ್ಚಿದರು. ಜೈಕಾರ ಮುಂದೆ ಹೋಯಿತು, ಚೀಲ ಸರಿಸಿದರು.

ನಾನು ಗೋಡೆಗೆ ಆತು ನಿಂತೆ. ಗುಡ್ಡೆಗಳು ಮೊದಲೇ ಹೇಳಿದವರವು. ಒಂದೊಂದಾಗಿ ಎತ್ತಿಕೊಂಡು ಹೋದರು. ಗಂಡಸರ ನಡುವೆ ಹೋಗಿ ಕೇಳಲು ನನ್ನ ಬಾಯಿ ಏಳಲಿಲ್ಲ. ತಮ್ಮನೇ ನೋಡಿದ. "ಅಕ್ಕ, ಗ್ವಾಡಿ ಕೊಡ್ತೈತೇನು ನಿಂಗೆ? ಮುಂಚೆಗೇ ಒಂದು ಮಾತು ಕೂಗೋದಲ್ವಾ?" ತನ್ನ ಪಾಲಿನ ಗುಡ್ಡೆ, ಯಾರನ್ನೋ ಕಾಡಿ ಇಸಿದುಕೊಂಡ ಇನ್ನೊಂದು ಗುಡ್ಡೆ ನನ್ನ ಡಬ್ಬಿಗೆ ಹಾಕಿದ. ಎರಡು ಮನೆಗೆ ಸಾಕು. ನನ್ನದು ಮೂರು ಮನೆ.

ಮನೆಗೆ ಬಂದು ಒಲೆ ಹಚ್ಚುವಾಗ ಹೊತ್ತು ಏರಿತ್ತು. ಮೊದಲು ಕಂಡಕ್ಟರನ ಮನೆಯದು, ಆಮೇಲೆ ಬ್ಯಾಂಕಿನವರದು ಮುಗಿಸಿದೆ. ಇಬ್ಬರೂ ಬಂದು ಒಯ್ದರು. ಮೂರನೆಯದು ತಾಲ್ಲೂಕು ಆಫೀಸಿನಲ್ಲಿ ಕೆಲಸ ಮಾಡುವ ಹೆಂಗಸಿನ ಮನೆ. ಅವಳು ಬಾಪೂಜಿಗೆ ಹಾರ ಹಾಕುವ ಕಾರ್ಯಕ್ರಮಕ್ಕೆ ಹೋಗಿದ್ದಳು. ಊಟ ಒಯ್ಯಲು ಬಂದವಳು ಅವಳ ಅತ್ತೆ, ಚನ್ನಗಿರಿ ಕಡೆಯ ಉಬ್ರಾಣಿಯ ಮುದುಕಿ. ಆಟೋದಿಂದ ಇಳಿದವಳೇ ನನ್ನ ಕಟ್ಟೆಯ ಮೇಲೆ ಕೂತು ಮೂಗು ಮೇಲೆತ್ತಿದಳು.

"ಹೋಳಿಗಿ ವಾಸನಿ ಐತೆ. ಬಾಡಿನ ವಾಸನಿ ಎಲ್ಲೈತೆ?"

ಇದ್ದದ್ದನ್ನು ಹೇಳಿದೆ.

"ಯಾವೋನು ಗಾಂಧಿ? ನನ್ ಮಗ ಕುರಿ ಲಿವರ್ ಬಿಟ್ಟು ಬ್ಯಾರೆ ಮುಟ್ತಿರ್ಲಿಲ್ಲ. ವರ್ಸ ತುಂಬಿ ಮೊದಲ್ನೇ ಎಡಿ ಕಣೆ. ಎದುರಿಗೆ ಬರೀ ಅನ್ನ ಇಟ್ಟು ಏನಂತ ಕರೀಲಿ ಅವನ್ನ?" ಬೈಯುತ್ತಲೇ ಅತ್ತಳು, ಅಳುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಬೈದಳು. "ಒಪ್ಕಂಡೋಳು ನೀನು. ಕುರಿ ಇಲ್ದಿದ್ರೆ ಕೋಳಿನಾದ್ರೂ ಮಾಡು. ಅಗೋ, ಹಿತ್ಲಾಗೆ ತಿರುಗ್ತಾ ಐತಲ್ಲ."

ಅದು ಬೇರೆಯವರಿಗೆ ಎಂದು ಹೇಳಬೇಕಿತ್ತು. ಯಾರಿಗೆ ಎಂದು ಕೇಳಿದ್ದರೆ? ಎಡೆ ಇಡಬಾರದವಳಿಗೆ ಎನ್ನಬೇಕಾಗುತ್ತಿತ್ತು. ಮುದುಕಿಯದು ನ್ಯಾಯವಾದ ಎಡೆ, ಮಗನದು, ಅವನ ಮನೆಯಲ್ಲೇ ಇಡುವುದು. ನನ್ನದು ಕದ್ದು ಇಡುವುದು. ಬಸ್ಸಿನ ಹೊತ್ತೂ ಹತ್ತಿರ ಬರುತ್ತಿತ್ತು. ಎಲೆ ಇಲ್ಲದಿದ್ದರೆ ಹೋಗಲಿ, ಜಗಳೂರಿಗೆ ಹೋಗಿ ಪಾಯಸವನ್ನಾದರೂ ನನ್ನ ಕೈಯಿಂದ ಮಾಡೋಣ ಎಂದುಕೊಂಡೆ. ಕೋಳಿ ಕೊಡುವುದು ಎಂದು ಮನಸ್ಸು ಮಾಡಿದೆ. ಭಾಯಿಗೆ ಹೇಳಿ ಕಳಿಸಿದೆ.

ಅವನು ಬಂದು ಚಾಕು ತೊಳೆದುಕೊಂಡು ಕೋಳಿಯ ರೆಕ್ಕೆ ಹಿಡಿದು ಕೂತ. "ಹೇಳ್ರಿ ಅಕ್ಕಾ, ಹೆಸರು."

ಅಡುಗೆ ಹಿಡಿದವಳೇ ನೀರು ಹಾಕಿ ಹೆಸರು ಹೇಳುವುದು ರೂಢಿ. ಮುದುಕಿಯ ಮಗನ ಹೆಸರನ್ನು ಕೇಳಿಕೊಂಡಿದ್ದೆ, ನಾಲಿಗೆಯ ತುದಿಯಲ್ಲೇ ಇತ್ತು. ತಂಬಿಗೆ ಬಗ್ಗಿಸಿದೆ. ನೀರು ಆ ಕಪ್ಪು ಕತ್ತಿನ ಮೇಲೆ ಇಳಿಯಿತು. ಬಾಯಿಂದ ಬಂದದ್ದು ನಿಮ್ಮವ್ವನ ಹೆಸರು.

ಎಷ್ಟೋ ವರ್ಷ, ಎಷ್ಟೋ ಮನೆಯ ಸತ್ತವರ ಹೆಸರು ಹೇಳಿದ್ದೇನೆ. ಒಂದು ಸಲವೂ ತಪ್ಪಿರಲಿಲ್ಲ.

ಭಾಯಿಗೆ ನಿಮ್ಮವ್ವನ ಹೆಸರು ಗೊತ್ತಿತ್ತು. ಚಾಕು ಕೆಳಗಿಟ್ಟ. ಮುದುಕಿ ಕಟ್ಟೆಯಿಂದ ಕೇಳಿದಳು, "ಹೆಣ್ಣಿನ ಹೆಸರು ಅಂದ್ಯಲ್ಲ. ಯಾರೇ ಅದು?"

"ಮಗಳು."

"ಕೊಟ್ಟ ಹೆಣ್ಣಾ?"

"ಹೂಂ."

"ಕೊಟ್ಟ ಹೆಣ್ಣಿಗೆ ಇಲ್ಲೇನೈತೆ ಎಡಿ?"

"ಅಲ್ಲೀನೂ ಇಲ್ಲ. ಅಲ್ಲಿ ಪಾಯಸ ಮಾಡ್ತಾರೆ."

ಮುದುಕಿ ಕೋಳಿಯ ಕಡೆ ನೋಡಿದಳು. "ಹೆಸರು ಬಿದ್ದ ಜೀವ ನನ್ ಮಗಗೆ ಬ್ಯಾಡ" ಎಂದಳು. ಸಿಟ್ಟಿನಿಂದಲ್ಲ, ಕಟ್ಟು ಹೇಳಿದಂತೆ.

"ಈಗ ಯಾರ ಹೆಸರಿಗೆ ಕುಯ್ಯಲಿ ಅಕ್ಕಾ?" ಎಂದ ಭಾಯಿ. "ಮಗಳಿಗೇ ಕುಯ್ಯಲಾ?"

ಅದೇ ಬೇಕಿತ್ತಲ್ಲ ನನಗೆ. ಆದರೂ ಆ ಮುದುಕಿಯ ಎದುರಿಗೆ, ಅವಳ ಮಗನಿಗೆ ಬರಿಯ ಅನ್ನ ಕಟ್ಟಿಕೊಟ್ಟು, ಎಡೆಯೇ ಇಲ್ಲದ ನನ್ನ ಮಗಳಿಗೆ ಬಾಡು ಬೇಯಿಸಲು ಕೈ ಬರಲಿಲ್ಲ. "ಯಾರಿಗೂ ಬ್ಯಾಡ ಭಾಯಿ. ಬಿಟ್ಟುಬಿಡ್ರಿ" ಎಂದೆ. ಅವನು ಕೈ ತೊಳೆದು ಹೋದ. ಮಳೆಯ ಹನಿ ಶುರುವಾಯಿತೆಂದು ಕೋಳಿಯ ಕಾಲಿಗೆ ದಾರ ಕಟ್ಟಿ, ಒಳಗೆ ಒರಳುಕಲ್ಲಿಗೆ ಬಿಗಿದೆ.

ಹೋಳಿಗೆ, ಅನ್ನ, ಕಡಲೆ ಸಾರು, ವಡೆಯನ್ನು ಮುದುಕಿಗೆ ಕಟ್ಟಿಕೊಟ್ಟೆ. ಆಟೋ ಇನ್ನೂ ತಿರುಗಿ ಬಂದಿರಲಿಲ್ಲ. ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಸೀರೆ ಬದಲಿಸಿ, ಬ್ಯಾಗಿಗೆ ನಿಮ್ಮಿಬ್ಬರಿಗೆ ತಂದಿಟ್ಟ ಹೊಸ ಬಟ್ಟೆ ಹಾಕಿ, ಬಾಗಿಲ ಮೂಲೆಯಲ್ಲಿ ಇಟ್ಟೆ.

"ಎತ್ತ ಹೊಂಟೆ?" ಎಂದಳು.

"ಜಗಳೂರಿಗೆ. ಮೊಮ್ಮಕ್ಕಳು ಕಾಯ್ತಾವೆ."

"ಎಲಿ ಹಾಕ್ದೇ ಹೊಂಟ್ಯಾ?"

"ನೀವೇ ಅಂದ್ರಲ್ಲವ್ವ, ಇಲ್ಲಿ ಇಲ್ಲ ಅಂತ."

"ನಾನೇನು ಊರ ಗೌಡ್ನಾ? ಬಾಡಿಲ್ದಿದ್ರೆ ಅನ್ನ ಹಾಕು. ನೀನು ಒಬ್ಳೇ ಹೊರಗೆ ನಿಂತ್ರೆ ಹುಚ್ಚಿ ಅಂತಾರೆ, ನಾನು ನಿಲ್ತೀನಿ ಜತಿಗೆ. ಬೇಗ ಹಾಕು, ಬಸ್ಸು ಹೋಗ್ತೈತೆ."

ಫೋಟೋ ಹುಡುಕಲಿಲ್ಲ. ಒಂದು ಸ್ಟೀಲಿನ ತಟ್ಟೆಯಲ್ಲಿ ಅನ್ನ, ಅರ್ಧ ಹೋಳಿಗೆ, ಉಳಿದ ಸಾರು ಹಾಕಿ ನೆಲಕ್ಕಿಟ್ಟೆ. ಎಲೆ ಮುಗಿದಿತ್ತು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಹನಿಯಲ್ಲಿ ಇಬ್ಬರೂ ಸೂರಿನ ಕೆಳಗೆ ನಿಂತೆವು. ಬೀದಿಯ ಬೇರೆ ಮನೆಗಳವರೂ ಅಲ್ಲಲ್ಲಿ ಹಾಗೆಯೇ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದರು.

ಒಳಗೆ ತಟ್ಟೆ ಸದ್ದಾಯಿತು.

ಮುದುಕಿ ನನ್ನ ಮುಂಗೈ ಹಿಡಿದಳು. ಮತ್ತೆ ಸದ್ದಾಯಿತು. ತಟ್ಟೆ ನೆಲದ ಮೇಲೆ ಒಂದಿಷ್ಟು ಸರಿದ ಸದ್ದು.

"ಬಂದ್ಲು ಕಣೇ" ಎಂದಳು ಪಿಸುಮಾತಿನಲ್ಲಿ. "ಉಣ್ಣಾಕೆ ಹತ್ತ್ಯಾಳೆ."

ದಾರವನ್ನು ಉದ್ದ ಬಿಟ್ಟು ಕಟ್ಟಿದ್ದೆ ಎಂಬುದು ಆಗ ನೆನಪಾಯಿತು. ಒರಳಿನಿಂದ ತಟ್ಟೆಗೆ ಎಷ್ಟು ದೂರ ಎಂಬುದು ನನಗೆ ಗೊತ್ತು. ಬಾಯಿ ತೆರೆದೆ, ಹೇಳಲು. ಮುದುಕಿಯ ಮುಖ ನೋಡಿ ಮುಚ್ಚಿದೆ. ಅವಳು ಬಾಗಿಲಿನ ಸಂದಿಗೆ ಬಾಗಿ, "ಅವ್ವಯ್ಯಾ, ನನ್ ಮಗನೂ ಅಲ್ಲೇ ಬಂದಿದ್ರೆ ಅವನಿಗೂ ಒಂದು ತುತ್ತು ಬಿಡವ್ವಾ. ಮನ್ಯಾಗೆ ಬರೀ ಅನ್ನ ಐತೆ, ಬ್ಯಾಸರ ಮಾಡ್ಕಬ್ಯಾಡ ಅಂತ ಹೇಳವ್ವಾ" ಎಂದಳು.

ಆಟೋ ಬಂತು. ಡಬ್ಬಿ ಎತ್ತಿಕೊಂಡು, ನನ್ನ ಗಲ್ಲ ಮುಟ್ಟಿ, ಹತ್ತಿ ಹೋದಳು. ಬರುವಾಗಿನ ಮುಖವಲ್ಲ ಅದು. ಅವಳ ಪಾಲಿಗೆ ಹಬ್ಬ ಆಗಿತ್ತು.

ನಾನು ನಿಂತೆ. ಬೀದಿಯವರೆಲ್ಲ ಬಾಗಿಲು ಬಡಿದು, ಕೆಮ್ಮಿ, ಒಳಗೆ ಹೋದರು. ನನ್ನ ಬ್ಯಾಗು, ದುಡ್ಡು, ಚಪ್ಪಲಿ ಎಲ್ಲ ಒಳಗಿದ್ದವು. ಬಾಗಿಲು ತೆಗೆದು ಎತ್ತಿಕೊಂಡರೆ ಬಸ್ಸು ಸಿಗುತ್ತಿತ್ತು. ತೆಗೆದರೆ ಒಳಗೆ ಕೋಳಿ ಕಾಣುತ್ತದೆ. ತೆಗೆಯದಿದ್ದರೆ ಅವಳು ಉಣ್ಣುತ್ತಿರುತ್ತಾಳೆ. ನನಗೆ ಎಲ್ಲ ಗೊತ್ತಿತ್ತು ಮಕ್ಕಳೇ, ನಾನು ಹುಚ್ಚಿಯಾಗಿರಲಿಲ್ಲ. ಕೈ ಚಿಲಕಕ್ಕೆ ಹೋಗುತ್ತಿತ್ತು, ಅಷ್ಟರಲ್ಲಿ ತಟ್ಟೆ ಸದ್ದಾಗುತ್ತಿತ್ತು, ಕೈ ಹಿಂದಕ್ಕೆ ಬರುತ್ತಿತ್ತು. ಸೊಂಟದಲ್ಲಿ ಫೋನು ಬಡಿದುಕೊಂಡಿತು. ಎತ್ತಿದರೆ ನೀವು: "ಅಜ್ಜಿ, ಎಲ್ಲಿದೀಯಾ? ಅಪ್ಪನೇ ಪಾಯಸ ಮಾಡಾಕೆ ನಿಂತಾನೆ, ಬೆಲ್ಲ ಎಷ್ಟು ಹಾಕ್ಬೇಕು?" ಬೆಲ್ಲದ ಅಳತೆ ಹೇಳಿದೆ. ಬರುವುದಿಲ್ಲ ಎಂದು ಹೇಳಲಾಗಲಿಲ್ಲ.

ಎದುರು ಮನೆಯವಳು ಊಟ ಮುಗಿಸಿ ಎಂಜಲು ಎಲೆ ಎಸೆಯಲು ಬಂದಾಗ ನಾನು ಇನ್ನೂ ಅಲ್ಲೇ ಇದ್ದೆ. "ಯಾಕಕ್ಕ, ಇನ್ನಾ ಒಳಗೆ ಹೋಗಿಲ್ಲ?" ಎಂದಳು.

"ಆಗಿಲ್ಲ ಇನ್ನಾ" ಎಂದೆ.

ಎಡೆ ಅಡುಗೆಯನ್ನು ಆ ವರ್ಷಕ್ಕೇ ಬಿಟ್ಟೆ. ಒಂದು ಸಲ ಹೆಸರು ತಪ್ಪಿದ ಬಾಯಿಯನ್ನು ಯಾರೂ ಕರೆಯಬಾರದು, ಕರೆದರೂ ನಾನು ಹೋಗಬಾರದು. ಆ ಕೋಳಿ ಇನ್ನೂ ಇದೆ. ಹೋದ ರಜೆಯಲ್ಲಿ ನೀವು ಅಕ್ಕಿ ಹಾಕಿ ಆಡಿಸಿದಿರಲ್ಲ, ಅದೇ. ಮೊಟ್ಟೆ ನಿಂತಿದೆ. ಮಾರುವಂತಿಲ್ಲ, ಕೊಡುವಂತಿಲ್ಲ, ಕುಯ್ಯುವಂತಿಲ್ಲ, ಅದು ಅವಳದು.

ಆವತ್ತು ದೀಪ ಹಚ್ಚುವ ಹೊತ್ತಿಗೆ ಒಳಗೆ ಸದ್ದು ನಿಂತಿತು. ಆಮೇಲೂ ಸ್ವಲ್ಪ ಹೊತ್ತು ಕಾದೆ. ನಿಮ್ಮವ್ವ ನಿಧಾನಕ್ಕೆ ಉಣ್ಣುವವಳು.